8,700 ಕಿಲೋಜೂಲ್‌ನ ಊಟ: ಅಪ್ಪರ್ ಹಟ್‌ನಿಂದ ಒಂದು ಅಡುಗೆಮನೆ ಲೆಕ್ಕ

ನ್ಯೂಜಿಲೆಂಡಿನ ಅಪ್ಪರ್ ಹಟ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಯಾವ ಪೊಟ್ಟಣದ ಬೆನ್ನು ತಿರುಗಿಸಿ ನೋಡಿದರೂ ಶಕ್ತಿಯ ಲೆಕ್ಕ ಕಿಲೋಜೂಲ್‌ನಲ್ಲಿರುತ್ತದೆ. ಕ್ಯಾಲರಿ ಬರೆದಿದ್ದರೆ ಬರೆದರು, ಇಲ್ಲದಿದ್ದರೆ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ಸೇರಿ ಪಾಲಿಸುವ ಆಹಾರ ನಿಯಮಾವಳಿಯಲ್ಲಿ ಸರಾಸರಿ ವಯಸ್ಕರ ದಿನದ ಅಳತೆ 8,700 ಕಿಲೋಜೂಲ್. 1 ಕ್ಯಾಲರಿಗೆ 4.184 ಕಿಲೋಜೂಲ್‌ನಂತೆ ಭಾಗಿಸಿದರೆ 2,080 ಕ್ಯಾಲರಿ. ಅಂಗಡಿಯಲ್ಲಿ ನಿಂತು ಬಾಯಿಲೆಕ್ಕ ಮಾಡುವವರು 4ರಿಂದ ಭಾಗಿಸಿದರೆ ಸಾಕು. ಉತ್ತರ ಶೇ. 5ರ ಒಳಗೆ ಹೆಚ್ಚಾಗುತ್ತದೆ. ಲೇಬಲ್ಲಿನ ಅಂಕಿಯೇ ಸರಾಸರಿಯಾದ್ದರಿಂದ ಅದಕ್ಕಿಂತ ನಿಖರವಾಗಿ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಹತ್ತು ಕ್ಯಾಲರಿ ಹೆಚ್ಚಾಯಿತೆಂದು ಕೊರಗುವವರು, ತಕ್ಕಡಿಗೇ ಕಾಣದ ತೂಕಕ್ಕೆ ಕೊರಗುತ್ತಿದ್ದಾರೆ.

ಕ್ಯಾಲರಿಯೊಂದನ್ನೇ ನೋಡಿದರೆ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ ನಮ್ಮ ಅಕ್ಕಿ-ರಾಗಿಯೇ ಉದಾಹರಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರ ಪದಾರ್ಥಗಳ ಕೋಷ್ಟಕ ಪ್ರಕಟಿಸಿತು (ಅದರಲ್ಲೂ ಲೆಕ್ಕ ಕಿಲೋಜೂಲ್‌ನಲ್ಲೇ ಇದೆ!). ಅದರಂತೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ 1,491 ಕಿಲೋಜೂಲ್, ರಾಗಿಯಲ್ಲಿ 1,342. ವ್ಯತ್ಯಾಸ ಹತ್ತರಲ್ಲಿ ಒಂದು ಪಾಲು. ನಾರಿನಂಶ ಮಾತ್ರ ಅಕ್ಕಿಯಲ್ಲಿ 2.8 ಗ್ರಾಂ, ರಾಗಿಯಲ್ಲಿ 11.2 ಗ್ರಾಂ. ಸುಣ್ಣದಂಶ ಅಕ್ಕಿಯಲ್ಲಿ 7.5 ಮಿಲಿಗ್ರಾಂ, ರಾಗಿಯಲ್ಲಿ 364. ಕ್ಯಾಲರಿ ಎಣಿಸುವ ಆ್ಯಪ್ ಅನ್ನವನ್ನೂ ಮುದ್ದೆಯನ್ನೂ ಹೆಚ್ಚುಕಡಿಮೆ ಒಂದೇ ಎನ್ನುತ್ತದೆ. ಮಂಡ್ಯದ ಯಾವ ಅಜ್ಜಿಯೂ ಅದನ್ನು ಒಪ್ಪಲಾರಳು.

ಇನ್ನು ದುಡ್ಡಿನ ಮಾತು. 2024ರ ಆಗಸ್ಟ್ ಕೊನೆಯಿಂದ ಇಲ್ಲಿನ ದೊಡ್ಡ ದಿನಸಿ ಅಂಗಡಿಗಳು ಕಿಲೋ ಅಥವಾ ಲೀಟರ್‌ ಲೆಕ್ಕದ ದರವನ್ನು ಕಪಾಟಿನ ಚೀಟಿಯಲ್ಲಿ ತೋರಿಸಲೇಬೇಕು. ಪೊಟ್ಟಣದ ಹಿಂದಿನ ಅಂಕಿ ಮತ್ತು ಈ ಚೀಟಿ ಎರಡನ್ನೂ ಸೇರಿಸಿದರೆ ಸ್ವಾರಸ್ಯವಾದ ಲೆಕ್ಕವೊಂದು ಸಿಗುತ್ತದೆ. ದರ ವಾರವಾರಕ್ಕೆ ಬದಲಾಗುವುದರಿಂದ ದುಂಡು ಅಂಕಿಗಳನ್ನೇ ಇಟ್ಟುಕೊಳ್ಳೋಣ: ಎಣ್ಣೆ ಲೀಟರಿಗೆ 5 ಡಾಲರ್, ಅಕ್ಕಿ ಕಿಲೋಗೆ 3, ಎಲೆಕೋಸು ಕಿಲೋಗೆ 4, ರಾಗಿ ಮತ್ತು ತೊಗರಿಬೇಳೆ ಕಿಲೋಗೆ ತಲಾ 5.

ದಿನದ 8,700 ಕಿಲೋಜೂಲ್ ಅಷ್ಟನ್ನೂ ಎಣ್ಣೆಯಿಂದಲೇ ತುಂಬಿಸಿದರೆ ಖರ್ಚು 1 ಡಾಲರ್ 28 ಸೆಂಟ್. ಅಕ್ಕಿಯಿಂದಾದರೆ 1 ಡಾಲರ್ 75 ಸೆಂಟ್. ಕೋಸಿನಿಂದಾದರೆ ಒಂಬತ್ತೂಮುಕ್ಕಾಲು ಕಿಲೋ ತಿನ್ನಬೇಕು, ಖರ್ಚು 39 ಡಾಲರ್! ಡಾಲರಿಗೆ ಎಷ್ಟು ಕ್ಯಾಲರಿ ಎಂದು ಕೇಳಿದರೆ ತರಕಾರಿ ಯಾವತ್ತೂ ಸೋಲುತ್ತದೆ. ಕೈ ಬಿಗಿಯಾದ ತಿಂಗಳಲ್ಲಿ ಪಲ್ಯ ತಟ್ಟೆಯ ಅಂಚಿಗೆ ಸರಿದು, ಅನ್ನವೂ ಕರಿದದ್ದೂ ನಡುವೆ ಕೂರುವುದು ಈ ಲೆಕ್ಕದಿಂದಲೇ. ಅದನ್ನು ಬರೀ ನಾಲಗೆ ಚಪಲ ಎನ್ನಲಾಗದು.

ಪ್ರಶ್ನೆ ಬದಲಿಸಿದರೆ ಸಾಲು ತಿರುಗಿ ನಿಲ್ಲುತ್ತದೆ. ದಿನಕ್ಕೆ ಗಂಡಸರಿಗೆ 30 ಗ್ರಾಂ, ಹೆಂಗಸರಿಗೆ 25 ಗ್ರಾಂ ನಾರಿನಂಶ ಬೇಕೆಂದು ಇಲ್ಲಿನ ಪೋಷಣಾ ಮಾನದಂಡ ಹೇಳುತ್ತದೆ. 10 ಗ್ರಾಂ ನಾರಿಗೆ ಅಕ್ಕಿ 1 ಡಾಲರ್ 7 ಸೆಂಟ್ ಕೇಳಿದರೆ ತೊಗರಿಬೇಳೆ 55 ಸೆಂಟ್, ರಾಗಿ 45 ಸೆಂಟ್ ಕೇಳುತ್ತದೆ. ಬೇಳೆ ಅದೇ ದುಡ್ಡಿಗೆ 20 ಗ್ರಾಂ ದಾಟಿ ಪ್ರೋಟೀನನ್ನೂ ಕೊಡುತ್ತದೆ. ಕೋಸಿನ ಸರದಿ ವಿಟಮಿನ್ ಸಿ ಕೇಳಿದಾಗ. ದಿನಕ್ಕೆ ಬೇಕಾದ 45 ಮಿಲಿಗ್ರಾಂ ಸುಮಾರು 140 ಗ್ರಾಂ ಹಸಿ ಕೋಸಿನಲ್ಲಿ, ಅಂದರೆ 55 ಸೆಂಟಿನ ಆಸುಪಾಸಿನಲ್ಲಿ ಸಿಗುತ್ತದೆ. ಬೇಯಿಸಿದರೆ ಸ್ವಲ್ಪ ನಷ್ಟ. ಅಕ್ಕಿ, ಎಣ್ಣೆಯನ್ನು ಮೂಟೆಗಟ್ಟಲೆ ಕೊಂಡರೂ ವಿಟಮಿನ್ ಸಿ ಸೊನ್ನೆ.

ಸರ್ಕಾರದ ಸಲಹೆ ದಿನಕ್ಕೆ ಕನಿಷ್ಠ ಐದು ಪಾಲು ತರಕಾರಿ. ಪಾಲಿಗೆ 75 ಗ್ರಾಂ ಹಿಡಿದರೆ 375 ಗ್ರಾಂ. ಹೈದರಾಬಾದಿನ ಪೋಷಣಾ ಸಂಸ್ಥೆ ಹೇಳುವ 400 ಗ್ರಾಮಿಗೆ ಹತ್ತಿರವೇ. ನಾಲ್ವರ ಮನೆಗೆ ವಾರಕ್ಕೆ ಹತ್ತೂವರೆ ಕಿಲೋ. ಕಿಲೋಗೆ 4 ಡಾಲರಿನಂತೆ 42 ಡಾಲರ್. ಅದರಲ್ಲಿ 5 ಡಾಲರ್ 48 ಸೆಂಟ್ ತೆರಿಗೆ. ಭಾರತದಲ್ಲಿ ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಪಕ್ಕದ ಆಸ್ಟ್ರೇಲಿಯಾದಲ್ಲೂ ಇಲ್ಲ. ಇಲ್ಲಿ ಕೋಸಿಗೂ ಕೋಲಾಕ್ಕೂ ಒಂದೇ ಶೇ. 15. ತೆರಿಗೆಯೇ ವರ್ಷಕ್ಕೆ 285 ಡಾಲರ್ ಆಯಿತು. ಹಣ್ಣು-ತರಕಾರಿಯ ತೆರಿಗೆ ತೆಗೆಯುತ್ತೇವೆಂದು 2023ರಲ್ಲಿ ಲೇಬರ್ ಪಕ್ಷ ಭರವಸೆ ಕೊಟ್ಟಿತ್ತು, ಚುನಾವಣೆಯಲ್ಲಿ ಸೋತಿತು. ಕೊಳ್ಳುವವರ ಕೈಲಿರುವುದು ಋತುಮಾನ ನೋಡಿ ಕೊಳ್ಳುವುದು, ಫ್ರೀಜ಼್ ಮಾಡಿದ ಬಟಾಣಿ-ಬೀನ್ಸ್‌ಗೆ ಮೂಗು ಮುರಿಯದಿರುವುದು, ಶನಿವಾರ ಕಣಿವೆಯಲ್ಲಿ ಕೆಳಗಿಳಿದು ಲೋವರ್ ಹಟ್‌ನ ನದಿದಂಡೆ ಸಂತೆಗೆ ಹೋಗಿಬರುವುದು.

ಲೇಬಲ್ಲಿನಲ್ಲಿ ನೋಡಬೇಕಾದದ್ದು ‘ಪ್ರತಿ 100 ಗ್ರಾಂ’ ಸಾಲು. ‘ಪ್ರತಿ ಸರ್ವಿಂಗ್’ ತಯಾರಕರ ಮರ್ಜಿ. 150 ಗ್ರಾಂ ಚಿಪ್ಸ್ ಪೊಟ್ಟಣವನ್ನು 25 ಗ್ರಾಮಿನ ಆರು ಪಾಲು ಮಾಡಿದರೆ ಒಂದೊಂದು ದಿನದ ಶೇ. 6. ಒಬ್ಬರೇ ಸಿನಿಮಾ ನೋಡುತ್ತಾ ಮುಗಿಸಿದರೆ ಶೇ. 36.

ಜಿಡ್ಡಿನ ಪ್ರತಿ ಗ್ರಾಮಿಗೆ 37 ಕಿಲೋಜೂಲ್, ಪ್ರೋಟೀನ್ ಮತ್ತು ಪಿಷ್ಟಕ್ಕೆ 17. ನ್ಯೂಜಿಲೆಂಡಿನ ದೊಡ್ಡ ಚಮಚ 15 ಮಿಲಿಲೀಟರ್. ಎಣ್ಣೆ ತುಂಬಿದರೆ ಸುಮಾರು 510 ಕಿಲೋಜೂಲ್. ಆಸ್ಟ್ರೇಲಿಯಾದ ಚಮಚ 20 ಮಿಲಿಲೀಟರ್, ಅಲ್ಲಿನ ಪಾಕವಿಧಾನ ನೋಡಿ ಅಡುಗೆ ಮಾಡುವವರಿಗೆ ಚಮಚಕ್ಕೆ 170 ಕಿಲೋಜೂಲ್ ಹೆಚ್ಚು. ಒಗ್ಗರಣೆಗೆ ಕಣ್ಣಳತೆಯಲ್ಲಿ ಸುರಿಯುವ ನಮಗೆ ಇವೆರಡೂ ಅನ್ವಯಿಸುವುದಿಲ್ಲ ಬಿಡಿ.

ಒಂದು ಚಮಚ ಎಣ್ಣೆಯನ್ನು ಹಟ್ ನದಿ ದಂಡೆಯ ದಾರಿಯಲ್ಲಿ ಎಷ್ಟು ದೂರ ನಡೆದು ಕರಗಿಸಬಹುದು ಎಂದೂ ಭಾಗಾಕಾರ ಮಾಡಬಹುದು. ಮಾಡಬಾರದು. ನಡಿಗೆ ತಿಂದದ್ದರ ದಂಡವಲ್ಲ. ಊಟಕ್ಕೆ ಕೂತಾಗಲೆಲ್ಲ ಅಂಕಿ ಕಣ್ಣಮುಂದೆ ಬರುತ್ತಿದ್ದರೆ, ಹಬ್ಬದ ಮರುದಿನ ಬೇಕೆಂದೇ ಉಪವಾಸ ಬೀಳುತ್ತಿದ್ದರೆ, ಆ್ಯಪ್ ಅಳಿಸಿ ಯಾರೊಡನಾದರೂ ಮಾತಾಡಬೇಕು. ನ್ಯೂಜಿಲೆಂಡಿನಲ್ಲಿ 1737ಕ್ಕೆ ಉಚಿತವಾಗಿ ಕರೆ ಮಾಡಿದರೆ ತರಬೇತಾದ ಸಮಾಲೋಚಕರು ಸಿಗುತ್ತಾರೆ.

ಹಾಗೆಂದು ಅಳತೆಯನ್ನೇ ಬಿಡುವಂತಿಲ್ಲ, ಏಕೆಂದರೆ ಮೈ ನಮ್ಮದು. 2018ರ ಇಲ್ಲಿನ ಸಲಹೆಯಂತೆ ದಕ್ಷಿಣ ಏಷ್ಯಾ ಮೂಲದ ಗಂಡಸರ ಹೃದಯದ ತಪಾಸಣೆ 30ಕ್ಕೆ ಶುರುವಾಗಬೇಕು, ಹೆಂಗಸರದ್ದು 40ಕ್ಕೆ. ಅಪಾಯದ ಅಂಶಗಳಿಲ್ಲದ ಇತರರಿಗೆ ಅದು 45 ಮತ್ತು 55.

ಹಬ್ಬವನ್ನು ವಾರದ ಲೆಕ್ಕಕ್ಕೆ ಹಾಕಿ ನೋಡಿ. ಮೈದಾ, ಕಡಲೆಬೇಳೆ, ಬೆಲ್ಲ ತಲಾ 30 ಗ್ರಾಂ, ತುಪ್ಪ 10 ಗ್ರಾಂ ಇರುವ ಹೋಳಿಗೆಯಲ್ಲಿ ಹೆಚ್ಚುಕಡಿಮೆ 1,670 ಕಿಲೋಜೂಲ್. ಎರಡು ತಿಂದರೆ ದಿನದ ಶೇ. 38, ವಾರದ 60,900ರಲ್ಲಿ ಶೇ. 5.5. ಯುಗಾದಿ ವರ್ಷಕ್ಕೊಂದೇ; ಬಾಣಲೆ ಮಾತ್ರ ದಿನವೂ ಒಲೆಯ ಮೇಲೆ.

ಅದಕ್ಕೆ ಊಟ ಎಣಿಸುವ ಬದಲು ಎಣ್ಣೆ ಕ್ಯಾನ್ ಎಣಿಸುವುದು ಸುಲಭ. ಹೈದರಾಬಾದಿನ ಸಂಸ್ಥೆ ದಿನಕ್ಕೆಂದು ಸೂಚಿಸುವ 2,000 ಕ್ಯಾಲರಿಯ ತಟ್ಟೆಯಲ್ಲಿ ಎಣ್ಣೆ-ತುಪ್ಪ ಸೇರಿ 27 ಗ್ರಾಂ. ನಾಲ್ವರಿಗೆ ದಿನಕ್ಕೆ 108 ಗ್ರಾಂ. 5 ಲೀಟರಿನ ಕ್ಯಾನ್‌ನಲ್ಲಿ 4.6 ಕಿಲೋ ಎಣ್ಣೆ, 42 ದಿನಕ್ಕೆ ಸಾಕು. ತಿಂಗಳಿಗೇ ಖಾಲಿಯಾದರೆ ತಲೆಗೆ 38 ಗ್ರಾಂ ಬಿತ್ತು, ಅಂದರೆ ದಿನಕ್ಕೆ ಸುಮಾರು 100 ಕ್ಯಾಲರಿ ಹೆಚ್ಚು. ತೆರೆದ ತಾರೀಖನ್ನು ಮಾರ್ಕರ್‌ನಲ್ಲಿ ಮುಚ್ಚಳದ ಮೇಲೆ ಬರೆದಿಡಿ. ಒಂದನೇ ತಾರೀಖು ತೆರೆದದ್ದು ಮುಂದಿನ ತಿಂಗಳ 11ರವರೆಗೆ ಬರಬೇಕು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇನ್ನೂ ಕೆಲವು ದಿನ ಹೆಚ್ಚು. ತುಪ್ಪದ ಡಬ್ಬಿ ಬೇರೆ ಇದ್ದರೆ ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿ.