ಕ್ರಮಕ್ಕೂ ಒಂದು ಬೀಜಗಣಿತ

ಧಾರವಾಡದ ನೆರೆಯ ಹೆಬ್ಬಳ್ಳಿಯ ಹೊಲಗಳಲ್ಲಿ ಉತ್ತ ಮೇಲೆ ಬಿತ್ತಬೇಕು. ಬಿತ್ತಿದ ಮೇಲೆ ಉತ್ತರೆ ಬೀಜ ಹಾಳಾಗುವುದು. ಆದರೆ ಹೊಲದಲ್ಲಿ ಒಬ್ಬರು ಉಳುತ್ತಿರುವಾಗ ಮನೆಯಲ್ಲಿ ಇನ್ನೊಬ್ಬರು ರೊಟ್ಟಿ ಬಡಿಯುತ್ತಿದ್ದರೆ, ಯಾವುದು ಮೊದಲು ಮುಗಿದರೂ ಬಾಧಕವಿಲ್ಲ. ಗಣಕಯಂತ್ರಕ್ಕೆ ಬರೆದುಕೊಡುವ ಆದೇಶಗಳಲ್ಲಿಯೂ ಈ ಎರಡು ಬಗೆಗಳುಂಟು. ಒಂದರ ಹಿಂದೆ ಒಂದು ನಡೆಯುವುದು ಅನುಕ್ರಮ ಜೋಡಣೆ. ಒಟ್ಟಿಗೆ ನಡೆಯುವುದು ಸಮಕಾಲಿಕ ಜೋಡಣೆ.

ಎರಡಕ್ಕೆ ಮೂರನ್ನು ಕೂಡಿದರೂ, ಮೂರಕ್ಕೆ ಎರಡನ್ನು ಕೂಡಿದರೂ ಮೊತ್ತ ಐದೇ. ಈ ಪರಿವರ್ತನೀಯ ನಿಯಮವನ್ನು ಸಮಕಾಲಿಕ ಜೋಡಣೆ ಪಾಲಿಸುತ್ತದೆ. ಅನುಕ್ರಮ ಜೋಡಣೆ ಪಾಲಿಸದು. ಸಹವರ್ತನೀಯ ನಿಯಮವಾದರೋ ಎರಡಕ್ಕೂ ಸಲ್ಲುತ್ತದೆ. ಉಳುವುದು, ಬಿತ್ತುವುದು, ಕೊಯ್ಯುವುದು ಇವುಗಳಲ್ಲಿ ಮೊದಲೆರಡನ್ನು ಒಂದು ಗುಂಪೆಂದು ಎಣಿಸಿದರೂ, ಕೊನೆಯೆರಡನ್ನು ಎಣಿಸಿದರೂ ಫಲ ಒಂದೇ. 1934ರಲ್ಲಿ ಕೊಲಂಬೋದಲ್ಲಿ ಜನಿಸಿದ ಟೋನಿ ಹೋರ್ ಅವರು ತಮ್ಮ ಸಂಗಡಿಗರೊಡನೆ 1987ರಲ್ಲಿ ಇಂತಹ ನಿಯಮಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು.

ಈ ನಿಯಮಗಳ ಅಗತ್ಯವೇನು? ಒಂದು ಖಾತೆಯಲ್ಲಿ 1000 ರೂಪಾಯಿ ಇದೆ ಎನ್ನೋಣ. ತಂದೆ ಹೆಬ್ಬಳ್ಳಿಯಿಂದ 200, ಮಗ ಹುಬ್ಬಳ್ಳಿಯಿಂದ 300 ರೂಪಾಯಿಗಳನ್ನು ಒಂದೇ ಕ್ಷಣದಲ್ಲಿ ಜಮಾ ಮಾಡುತ್ತಾರೆ. ಜಮಾ ಎಂಬುದು ಒಂದೇ ಕೆಲಸದಂತೆ ಕಂಡರೂ ಶಿಲ್ಕನ್ನು ಓದುವುದು, ಕೂಡುವುದು, ಬರೆಯುವುದು ಎಂಬ ಮೂರು ಹೆಜ್ಜೆಗಳು ಅದರಲ್ಲಿವೆ. ಇಬ್ಬರ ಆದೇಶಗಳೂ 1000 ಎಂದೇ ಓದಿಕೊಂಡರೆ, ಕೊನೆಗೆ 1500ರ ಬದಲು 1200 ಅಥವಾ 1300 ಮಾತ್ರ ಉಳಿಯುವುದು. ಆದುದರಿಂದ ಒಂದೇ ಹಳಿಯ ಮೇಲೆ ಎದುರುಬದುರಾಗಿ ಬರುವ ರೈಲುಗಳಲ್ಲಿ ಒಂದು ನಿಲ್ದಾಣದಲ್ಲಿ ಕಾಯುವಂತೆ, ಇಲ್ಲಿಯೂ ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರದು ಕಾಯಬೇಕು.

ಇಂತಹ ತಪ್ಪು ಹಣಕ್ಕಷ್ಟೇ ಸೀಮಿತವಲ್ಲ. 1985ರಿಂದ 1987ರ ಅವಧಿಯಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಥೆರಾಕ್-25 ಎಂಬ ಚಿಕಿತ್ಸಾ ಯಂತ್ರವು ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ನೀಡಿತು. ಅವರಲ್ಲಿ ಕೆಲವರು ಅಸುನೀಗಿದರು. ಏಕಕಾಲದ ಹೆಜ್ಜೆಗಳು ಹೀಗೆ ಅಡ್ಡಹಾಯ್ದುದು ಅದರ ಕಾರಣಗಳಲ್ಲಿ ಒಂದು.

ಎಲ್ಲವನ್ನೂ ಪರೀಕ್ಷಿಸಿ ನೋಡಬಾರದೇಕೆ? ಹತ್ತು ಹತ್ತು ಹೆಜ್ಜೆಗಳ ಎರಡು ಆದೇಶಮಾಲೆಗಳು 1,84,756 ರೀತಿಗಳಲ್ಲಿ ಹೆಣೆದುಕೊಳ್ಳಬಲ್ಲವು. ಆದುದರಿಂದಲೇ ನಿಯಮ ಬೇಕು. 2009ರಲ್ಲಿ ಹೋರ್ ಮತ್ತು ಸಂಗಡಿಗರು ಮಂಡಿಸಿದ ಬೀಜಗಣಿತದಲ್ಲಿ ವಿನಿಮಯ ನಿಯಮವು ಮುಖ್ಯವಾದುದು. ಒಬ್ಬರು ಹಿಟ್ಟು ನಾದಿ ರೊಟ್ಟಿ ಬೇಯಿಸುತ್ತಾರೆ. ಇನ್ನೊಬ್ಬರು ಸೊಪ್ಪು ಸೋಸಿ ಪಲ್ಯ ಮಾಡುತ್ತಾರೆ. ಇಬ್ಬರಿಗೂ ಅವರವರ ಸ್ವಾತಂತ್ರ್ಯವಿದ್ದರೆ ಕೆಲಸ ಹಲವು ರೀತಿಗಳಲ್ಲಿ ಸಾಗಬಹುದು. ನಾದುವುದೂ ಸೋಸುವುದೂ ಮುಗಿದ ಮೇಲೆಯೇ ಇಬ್ಬರೂ ಒಲೆಯ ಬಳಿಗೆ ಹೋಗುವುದಾದರೆ, ಅದೂ ಆ ಹಲವು ರೀತಿಗಳಲ್ಲಿ ಸೇರಿದ್ದೇ. ಆದುದರಿಂದ ಸ್ವತಂತ್ರ ಕ್ರಮಗಳಲ್ಲೆಲ್ಲ ಸರಿಯೆಂದು ಸಿದ್ಧವಾದದ್ದು ಈ ಕಟ್ಟುಪಾಡಿನ ಕ್ರಮದಲ್ಲಿಯೂ ಸರಿಯೇ, ಮತ್ತೆ ಪರೀಕ್ಷಿಸಬೇಕಾಗಿಲ್ಲ.

ಲಕ್ಷಾಂತರ ಸಾಧ್ಯತೆಗಳನ್ನು ಒಂದೊಂದಾಗಿ ನೋಡಲಾಗದ ಮನುಷ್ಯನಿಗೆ, ಒಂದೇ ಸಾಲಿನ ನಿಯಮವು ಅವೆಲ್ಲವನ್ನೂ ಒಮ್ಮೆಗೇ ಕಾಣಿಸುತ್ತದೆ. ಬೀಜಗಣಿತದ ಬಲ ಇರುವುದು ಇಲ್ಲಿಯೇ.