ಕೊಡುವ ಮುನ್ನ ಒಂದು ಪ್ರಶ್ನೆ

ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ ಊರೂರಲ್ಲೂ ನೋಟ್‌ಬುಕ್ ವಿತರಣೆಯ ಸಮಾರಂಭ ನಡೆಯುತ್ತದೆ. ಹಾರ, ಭಾಷಣ, ಫೋಟೊ. ಮಕ್ಕಳ ಮುಖದಲ್ಲಿ ನಗು. ಇದು ಒಳ್ಳೆಯ ಕೆಲಸವೇ. ಆದರೆ ಹತ್ತಿ ಬಿಡಿಸುವ ಕಾಲ ಬಂದಾಗ ಮಾನ್ವಿ, ದೇವದುರ್ಗದ ಕಡೆಯ ಎಷ್ಟೋ ಮನೆಗಳಲ್ಲಿ ಆ ಹೊಸ ಚೀಲ ಗೂಟಕ್ಕೆ ನೇತಾಡುತ್ತಿರುತ್ತದೆ, ಮಗು ಹೊಲದಲ್ಲಿರುತ್ತದೆ. ಹಾಗಾದರೆ ಆ ಮನೆಯಲ್ಲಿ ಕೊರತೆಯಿದ್ದದ್ದು ನೋಟ್‌ಬುಕ್ಕಿಗೋ, ತಾಯಿಯ ಕೂಲಿಗೋ?

ರಾಯಚೂರು ಬಡ ನೆಲವೇನಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ 1985ರಿಂದ ನಾಡಿಗೆ ಬೆಳಕು ಕೊಟ್ಟಿದೆ. ಆದರೂ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಸೇರಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಇಡೀ ಜಿಲ್ಲೆಯನ್ನೇ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳ ಪಟ್ಟಿಗೆ ಸೇರಿಸಿತು. ಇಂಥ ಕಡೆ ದಾನಿಗಳಿಗೆ ಕೆಲಸ ಬೇಕಾದಷ್ಟಿದೆ. ಅದು ಎಲ್ಲಿಂದ ಆರಂಭವಾಗಬೇಕು ಎಂಬುದೇ ಪ್ರಶ್ನೆ.

ಮಾನ್ವಿ ಸೀಮೆಯ ಪೋತ್ನಾಳದಲ್ಲಿ ದಲಿತ ಕೂಲಿಕಾರ ಮಹಿಳೆಯರು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆ ಇದಕ್ಕೊಂದು ಉತ್ತರ ಹುಡುಕಿತು. ದುಡಿಯುವ ಮಕ್ಕಳನ್ನು ಮತ್ತೆ ಓದಿಗೆ ತರಲು 'ಚಿಲಿಪಿಲಿ' ಶಾಲೆ ನಡೆಸಿತು. ಅಷ್ಟಕ್ಕೇ ನಿಲ್ಲದೆ, ತಾಯಂದಿರ ಆದಾಯಕ್ಕಾಗಿ 'ಚಿಗುರು' ಹೆಸರಿನಲ್ಲಿ ಸುಟ್ಟ ಮಣ್ಣಿನ ಆಭರಣ, ಬೇವಿನ ಗೊಬ್ಬರಗಳ ತಯಾರಿಕೆಗೂ ಕೈಹಾಕಿತು. ಅಮ್ಮನ ಕೈಯಲ್ಲಿ ನಾಲ್ಕು ಕಾಸು ಆಡಿದರೆ ಮಗುವಿನ ಕೂಲಿಗೆ ಮನೆ ಕಾಯಬೇಕಿಲ್ಲ ಎಂಬುದು ಇದರ ಹಿಂದಿನ ಸರಳ ಲೆಕ್ಕ.

ಉದ್ಯೋಗ ಖಾತರಿ ಯೋಜನೆ 2006ರಲ್ಲಿ ಮೊದಲ ಹಂತದಲ್ಲಿ ಬಂದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಅರ್ಜಿ ಕೊಟ್ಟು 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಆ ಕಾಯ್ದೆ ಹೇಳಿತ್ತು. ಆದರೆ ಅರ್ಜಿ ಕೊಟ್ಟಿದ್ದಕ್ಕೆ ದಿನಾಂಕವಿರುವ ರಸೀದಿ ಇಲ್ಲದಿದ್ದರೆ 15 ದಿನ ಎಣಿಸುವುದೆಲ್ಲಿಂದ? ಓದು ಬಾರದ ಹೆಣ್ಣುಮಗಳಿಗೆ ಆ ಅರ್ಜಿ ಬರೆದುಕೊಟ್ಟು, ರಸೀದಿ ಕೇಳಿ ಪಡೆಯಲು ಜತೆಯಲ್ಲಿ ನಿಂತವರು ಮಾಡಿದ ಉಪಕಾರ ಒಂದು ಮೂಟೆ ಅಕ್ಕಿಗಿಂತ ಕಡಿಮೆಯದಲ್ಲ. ಅಕ್ಕಿ ತಿಂಗಳಲ್ಲಿ ಮುಗಿಯುತ್ತದೆ. ಕೇಳುವ ಧೈರ್ಯ ಉಳಿಯುತ್ತದೆ.

ದೇವದುರ್ಗ ತಾಲ್ಲೂಕಿನಲ್ಲಿ 1980ರ ದಶಕದಲ್ಲಿ ಕೆಲಸ ಆರಂಭಿಸಿದ 'ಸಮೂಹ' ಸಂಸ್ಥೆ ಉಳಿತಾಯ ಗುಂಪು, ಜಲಾನಯನ, ಅಂಗವಿಕಲರ ಪುನರ್ವಸತಿ ಮುಂತಾದ ನಿಧಾನದ ಹಾದಿ ಹಿಡಿಯಿತು. ಬಿದ್ದ ಮಳೆ ಹೊಲದಲ್ಲೇ ಇಂಗಿದರೆ ಬೆಳೆ ನಿಲ್ಲುತ್ತದೆ. ಬೆಳೆ ನಿಂತರೆ ಗುಳೆ ಹೋಗುವ ಅನಿವಾರ್ಯ ತಗ್ಗುತ್ತದೆ. ಅಪ್ಪ ಅಮ್ಮ ಊರಲ್ಲಿದ್ದರೆ ಮಗು ಶಾಲೆಯಲ್ಲಿರುತ್ತದೆ. ಹೊಲದ ಬದುವಿಗೂ ಶಾಲೆಯ ಹಾಜರಿಗೂ ನಂಟಿರುವುದು ಹೀಗೆ.

ನೀರಿನ ಮಾತಂತೂ ಇನ್ನೂ ಸೂಕ್ಷ್ಮ. ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್, ಕೆಲವೆಡೆ ಆರ್ಸೆನಿಕ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಮಕ್ಕಳ ಹಲ್ಲನ್ನು, ಕ್ರಮೇಣ ಮೂಳೆಯನ್ನು ಕೆಡಿಸುತ್ತದೆ. ನೀರು ಪರೀಕ್ಷಿಸದೆ ಪುಣ್ಯಕ್ಕೆಂದು ಕೊರೆಸಿದ ಬೋರ್‌ವೆಲ್ ಕೇಡನ್ನೇ ತಂದೀತು. ಸಮಸ್ಯೆ ಹಳ್ಳಿಗಳದ್ದಷ್ಟೇ ಅಲ್ಲ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನಲ್ಲಿ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು. ಅಂಥ ಹೊತ್ತಿನಲ್ಲಿ ನೀರಿನ ಕ್ಯಾನ್ ಹಂಚುವುದು ಮಾನವೀಯತೆ. ಆದರೆ ತೊಟ್ಟಿ ತೊಳೆದದ್ದು ಯಾವಾಗ, ಪೈಪು ಒಡೆದದ್ದು ಎಲ್ಲಿ ಎಂದು ಕೇಳಿ, ಉತ್ತರ ಬರುವವರೆಗೆ ಬಿಡದಿರುವುದು ಅದಕ್ಕಿಂತ ದೊಡ್ಡ ಸೇವೆ.

ಹಾಗೆಂದು ಸಂಘ ಸಂಸ್ಥೆಗಳೇ ಎಲ್ಲವನ್ನೂ ಮಾಡಲಾರವು. 2002ರಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮಕ್ಕಳ ಹಸಿವಿಗೆ ಬಿಸಿಯೂಟದಿಂದ ಉತ್ತರ ಕೊಟ್ಟಿತು. ಅಷ್ಟು ವಿಸ್ತಾರದ ಕೆಲಸ ಸರ್ಕಾರದಿಂದಲೇ ಆಗಬೇಕು. ಆ ಊಟ ಸರಿಯಾಗಿ ನಡೆಯುತ್ತಿದೆಯೇ ಎಂದು ಊರಿನವರೊಡನೆ ಕೂತು ನೋಡುವ ಕಣ್ಣಾಗುವುದು ಸ್ಥಳೀಯ ಸಂಸ್ಥೆಯಿಂದ ಸಾಧ್ಯ.

ವಿದ್ಯಾರ್ಥಿಗಳೂ ಇದನ್ನು ಆರಂಭಿಸಬಹುದು. ತರಗತಿಯಲ್ಲಿ ವಾರಗಟ್ಟಲೆ ಬಾರದ ಗೆಳತಿಯೊಬ್ಬಳಿದ್ದರೆ ಅವಳ ಮನೆಗೆ ಹೋಗಿ 'ಯಾಕೆ ಬರ್ತಿಲ್ಲ?' ಎಂದು ಕೇಳಿ ನೋಡಲಿ. ತಮ್ಮನನ್ನು ನೋಡಿಕೊಳ್ಳಬೇಕು ಎಂಬ ಉತ್ತರ ಬಂದರೆ ಬೇಕಾದದ್ದು ಅಂಗನವಾಡಿ. ದೂರದಿಂದ ನೀರು ತರಬೇಕು ಎಂದರೆ ಬೇಕಾದದ್ದು ನಲ್ಲಿ. ನೋಟ್‌ಬುಕ್ ಇಲ್ಲ ಎಂದರೆ, ಆಗ ನೋಟ್‌ಬುಕ್ಕನ್ನೇ ಕೊಡೋಣ.