ಒಪ್ಪಿಗೆ ಕೊಟ್ಟವರು ಯಾರು?

ತಲೆನೋವು, ಕಣ್ಣುರಿ, ಬೆಳಿಗ್ಗೆ ಎಬ್ಬಿಸಿದರೆ ಸಿಡುಕು ಎಂಬ ದೂರಿನೊಂದಿಗೆ ತಾಯಿಯೊಬ್ಬರು ಎಂಟನೇ ತರಗತಿಯ ಮಗನನ್ನು ನನ್ನಲ್ಲಿಗೆ ಕರೆತಂದಿದ್ದರು. ಪರೀಕ್ಷಿಸಿದಾಗ ದೋಷವೇನೂ ಕಾಣಲಿಲ್ಲ. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀಯೆಂದು ಕೇಳಿದೆ. ‘ಎರಡು ಗಂಟೆ’ ಎಂದ. ಅಲ್ಲಿಯವರೆಗೆ ಮೊಬೈಲಿನಲ್ಲಿ ಆಟ. ಖಾತೆ ತೆರೆದದ್ದು ಯಾರ ನಂಬರಿನಲ್ಲಿ? ‘ಅಮ್ಮನದ್ದು. ಒಟಿಪಿ ಓದಿ ಹೇಳಿದ್ದೂ ಅವರೇ.’ ತಾಯಿ ತಬ್ಬಿಬ್ಬಾದರು. ‘ಶಾಲೆಯದ್ದೆಂದು ಭಾವಿಸಿದ್ದೆ ಡಾಕ್ಟ್ರೇ.’

ನಿಮ್ಮ ಮನೆಯಲ್ಲೂ ಹೀಗೆ ಆಗಿರಬಹುದು. ಬಿಜಿಎಂಐ ಆಟದಲ್ಲಿ 18 ವರ್ಷದೊಳಗಿನವರು ಹೆತ್ತವರ ನಂಬರು ಕೊಡಬೇಕು. 2023ರಲ್ಲಿ ಆಟ ಮರಳಿ ಬಂದಾಗ ಇಂಥವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಲಾಯಿತು. ಆದರೆ ಮಗು ತನ್ನ ವಯಸ್ಸು 21 ಎಂದು ಬರೆದರೆ ಮಕ್ಕಳ ಮಿತಿ ಅದಕ್ಕೆ ತಾಗುವುದೇ ಇಲ್ಲ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಕ್ಕಳ ಮಾಹಿತಿ ಬಳಸಲು ಹೆತ್ತವರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಅರಿಯದೆ ಹೇಳಿದ ಒಟಿಪಿ ಒಪ್ಪಿಗೆಯೇ?

ಇದು ಬರೀ ನಿದ್ರೆಯ ಪ್ರಶ್ನೆಯಲ್ಲ. 2021ರ ಏಪ್ರಿಲ್‌ನಲ್ಲಿ ನಮ್ಮ ಉಳ್ಳಾಲದ ಕೆ.ಸಿ. ರೋಡ್ ಬಳಿ 12 ವರ್ಷದ ಬಾಲಕನ ಕೊಲೆಯಾದಾಗ, ಪಬ್‌ಜಿ ಆಟದ ಜಗಳ ಕಾರಣವೆಂದು ಪೊಲೀಸರು ಹೇಳಿದ್ದರು. ಸರಕಾರ ಆ ಆಟವನ್ನು 2020ರ ಸೆಪ್ಟೆಂಬರಿನಲ್ಲೇ ನಿಷೇಧಿಸಿತ್ತು. ಮನೆಯೊಳಗಿನ ಕಾವಲನ್ನು ಕಾನೂನು ಮಾಡಲಾರದು.

ಹಾಗೆಂದು ಆಡುವ ಮಕ್ಕಳೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಎಂದು ಗುರುತಿಸುವುದು ಮೂರು ಲಕ್ಷಣಗಳಿಂದ: ಆಟದ ಮೇಲೆ ಹಿಡಿತ ತಪ್ಪುವುದು, ಊಟ–ಪಾಠ–ಗೆಳೆಯರಿಗಿಂತ ಆಟವೇ ಮುಖ್ಯವಾಗುವುದು, ತೊಂದರೆಯಾದರೂ ಬಿಡಲಾಗದಿರುವುದು. ಇದು ಸಾಮಾನ್ಯವಾಗಿ 12 ತಿಂಗಳು ಮುಂದುವರಿದಿರಬೇಕು. ಆದರೆ ನಿದ್ರೆ ಕೆಡಲು ಅಷ್ಟು ಕಾಲ ಬೇಡ. ಪರದೆಯ ಬೆಳಕು ನಿದ್ರೆ ತರುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ. ಆಟದ ಉದ್ವೇಗ ಎದೆಬಡಿತ ಏರಿಸುತ್ತದೆ.

ನೀವು ಏನು ಮಾಡಬೇಕು?

1. ಖಾತೆಯನ್ನು ಮಗುವಿನ ಜೊತೆ ಕುಳಿತು, ನಿಜವಾದ ವಯಸ್ಸು ಬರೆದು ತೆರೆಯಿರಿ.

2. ಒಟಿಪಿ ಬಂದರೆ ಇಡೀ ಸಂದೇಶ ಓದಿ. ಯಾತಕ್ಕೆಂದು ತಿಳಿಯದೆ ಹೇಳಬೇಡಿ.

3. ಯುಪಿಐ ಪಿನ್ ಮಗುವಿಗೆ ಕೊಡಬೇಡಿ. ಫೋನಿನಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ.

4. ರಾತ್ರಿ ಊಟದ ನಂತರ ಎಲ್ಲರ ಫೋನೂ ಹಾಲ್‌ನಲ್ಲಿರಲಿ, ನಿಮ್ಮದೂ ಸಹ.

5. ಆಟದ ನಡುವೆ ಫೋನ್ ಕಿತ್ತುಕೊಳ್ಳಬೇಡಿ. ಸಮಯ ಮೊದಲೇ ಮಾತಾಡಿಕೊಳ್ಳಿ.

ಹಿಡಿತ ತಪ್ಪಿದೆ ಎನಿಸಿದರೆ ನಿಮ್ಮ ವೈದ್ಯರಲ್ಲಿ ಹೇಳಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ.

ಆ ಹುಡುಗನಿಗೆ ನಾನು ಗುಳಿಗೆ ಬರೆಯಲಿಲ್ಲ. ಮೂರು ವಾರ ಬಿಟ್ಟು ಬಂದಾಗ ಆಟ ಬಿಟ್ಟಿರಲಿಲ್ಲ, ಆದರೆ ಹನ್ನೊಂದರೊಳಗೆ ಮಲಗುತ್ತಿದ್ದ. ತಲೆನೋವು ಕಡಿಮೆಯಾಗಿತ್ತು. ಖಾತೆಯಲ್ಲಿ ವಯಸ್ಸು ಸರಿಪಡಿಸಿದ್ದು ತಾಯಿ. ಹೇಗೆಂದು ತೋರಿಸಿಕೊಟ್ಟದ್ದು ಮಗ.